ಒಂದೊಂದೇ ವರ್ಷದ ನಂಬಿಕೆ

1953ರ ಅಕ್ಟೋಬರ್‌ನಲ್ಲಿ, ಬೇಸ್‌ಬಾಲ್ ಋತು ಮುಗಿದ ಕೆಲವೇ ದಿನಗಳಲ್ಲಿ, ನ್ಯೂಯಾರ್ಕ್‌ನ ಬ್ರೂಕ್ಲಿನ್ ಡಾಡ್ಜರ್ಸ್ ತಂಡದ ಮ್ಯಾನೇಜರ್ ಚಾರ್ಲಿ ಡ್ರೆಸನ್ ಮಾಲೀಕ ವಾಲ್ಟರ್ ಓಮ್ಯಾಲಿಯವರ ಮುಂದೆ ಒಂದು ಬೇಡಿಕೆ ಇಟ್ಟರು. ವರ್ಷ ವರ್ಷಕ್ಕೆ ನವೀಕರಿಸುವ ಕರಾರು ಇನ್ನು ಸಾಕು, ಹಲವು ವರ್ಷಗಳ ಕರಾರು ಬೇಕು ಎಂಬುದು ಅದರ ಸಾರ. ಅವರ ಪತ್ನಿ ಇದೇ ವಿಷಯವಾಗಿ ಮಾಲೀಕರಿಗೆ ಪತ್ರವನ್ನೂ ಬರೆದಿದ್ದರು. ಮೇಲ್ನೋಟಕ್ಕೆ ಇದು ಅತಿಯಾದ ಬೇಡಿಕೆಯಲ್ಲ. ಆ ವರ್ಷ ತಂಡ 105 ಪಂದ್ಯಗಳನ್ನು ಗೆದ್ದು ನ್ಯಾಷನಲ್ ಲೀಗ್‌ನ ಅಗ್ರಸ್ಥಾನ ಪಡೆದಿತ್ತು. ಹಿಂದಿನ ವರ್ಷವೂ ಅದೇ ಸ್ಥಾನ. ಆದರೆ ಎರಡು ವರ್ಷವೂ ಅಂತಿಮ ಹಣಾಹಣಿಯಾದ ವರ್ಲ್ಡ್ ಸೀರೀಸ್‌ನಲ್ಲಿ ಅದೇ ನಗರದ ಯಾಂಕೀಸ್ ತಂಡದೆದುರು ಸೋತಿತ್ತು. ಒಂದು ವರ್ಷಕ್ಕಿಂತ ಹೆಚ್ಚಿನ ಕರಾರನ್ನು ಓಮ್ಯಾಲಿ ಕೊಡಲೊಪ್ಪಲಿಲ್ಲ. ಡ್ರೆಸನ್ ಪಟ್ಟು ಸಡಿಲಿಸಲಿಲ್ಲ. 105 ಪಂದ್ಯ ಗೆಲ್ಲಿಸಿದ ಮ್ಯಾನೇಜರ್ ಕೆಲಸ ಕಳೆದುಕೊಂಡರು.

ಅವರ ಜಾಗಕ್ಕೆ ಬಂದವರು ವಾಲ್ಟರ್ ಆಲ್‌ಸ್ಟನ್. ಒಹಾಯೋ ರಾಜ್ಯದ ಡಾರ್‌ಟೌನ್ ಎಂಬ ಹಳ್ಳಿಯವರು, ಚಳಿಗಾಲದಲ್ಲಿ ಶಾಲೆಯಲ್ಲಿ ಪಾಠ ಹೇಳುತ್ತಿದ್ದವರು. ಆಟಗಾರರಾಗಿ ದೊಡ್ಡ ಲೀಗ್‌ನಲ್ಲಿ ಅವರು ಆಡಿದ್ದು ಒಂದೇ ಒಂದು ಪಂದ್ಯ. 1936ರ ಆ ಪಂದ್ಯದಲ್ಲಿ ಒಮ್ಮೆ ಮಾತ್ರ ಬ್ಯಾಟ್ ಹಿಡಿದು ನಿಂತರು, ಔಟಾದರು. ಬಳಿಕ ಚಿಕ್ಕ ಲೀಗ್‌ಗಳಲ್ಲಿ ವರ್ಷಗಟ್ಟಲೆ ತಂಡಗಳನ್ನು ನಡೆಸಿದ್ದರು. ಬ್ರೂಕ್ಲಿನ್ನಿನ ಜನಕ್ಕೆ ಹೆಚ್ಚು ಪರಿಚಯವಿಲ್ಲದ ಈ ಮಿತಭಾಷಿ ಒಂದು ವರ್ಷದ ಕರಾರಿಗೆ ಸಹಿ ಹಾಕಿದರು. ಮರುವರ್ಷ ಇನ್ನೊಂದಕ್ಕೆ. ಹೀಗೆ 1954ರಿಂದ 1976ರವರೆಗೆ 23 ಕರಾರುಗಳಾದವು, ಪ್ರತಿಯೊಂದೂ ಒಂದೇ ವರ್ಷದ್ದು.

ಅಮೆರಿಕದ ಬೇಸ್‌ಬಾಲ್ ಅಭಿಮಾನಿಗಳ ನಡುವೆ ಎಂದೂ ಮುಗಿಯದ ಒಂದು ವಾದವಿದೆ. ನಮ್ಮ ಮ್ಯಾನೇಜರ್ ಸಮರ್ಥರೇ? ಅವರ ಕರಾರನ್ನು ಮುಂದುವರಿಸಬೇಕೇ, ಬೇಡವೇ? ಈ ವಾದದ ಚರಿತ್ರೆಯನ್ನು ನೋಡುತ್ತ ಹೋದರೆ ಅದು ಆಟದ ಲೆಕ್ಕಾಚಾರದಲ್ಲಿ ನಿಲ್ಲುವುದಿಲ್ಲ. ಒಬ್ಬ ಮನುಷ್ಯನ ಕೆಲಸವನ್ನು ಫಲದಿಂದ ಅಳೆಯಬೇಕೋ, ಮಾಡಿದ ರೀತಿಯಿಂದಲೋ? ಅಳೆಯುವ ಹಕ್ಕು ಯಾರದು? ಆಲ್‌ಸ್ಟನ್ನರ 23 ಕರಾರುಗಳ ಜೊತೆಗೆ ಇನ್ನೂ ಕೆಲವು ಪ್ರಸಂಗಗಳನ್ನಿಟ್ಟು ಈ ಪ್ರಶ್ನೆಗಳನ್ನು ಪರಿಶೀಲಿಸಬಹುದು.

ಎಲ್ಲರ ಕಣ್ಣೆದುರಿನ ಕೆಲಸ

ಕ್ರಿಕೆಟ್ ಬಲ್ಲ ನಮಗೆ ಮೊದಲು ಒಂದು ವ್ಯತ್ಯಾಸ ತಿಳಿದಿರಬೇಕು. ಕ್ರಿಕೆಟ್‌ನಲ್ಲಿ ಬೌಲರ್ ಬದಲಾಯಿಸುವವನು, ಫೀಲ್ಡರ್‌ಗಳನ್ನು ನಿಲ್ಲಿಸುವವನು ಮೈದಾನದೊಳಗಿರುವ ನಾಯಕ. ಕೋಚ್ ಪೆವಿಲಿಯನ್‌ನಲ್ಲಿ ಕುಳಿತಿರುತ್ತಾರೆ, ಅವರ ಕೈವಾಡ ಎಷ್ಟೆಂಬುದು ಪ್ರೇಕ್ಷಕರಿಗೆ ಸ್ಪಷ್ಟವಾಗಿ ಕಾಣುವುದಿಲ್ಲ. ಬೇಸ್‌ಬಾಲ್‌ನಲ್ಲಿ ಆ ಅಧಿಕಾರವೆಲ್ಲ ಮ್ಯಾನೇಜರರದು. ಆಟಗಾರರ ಸಮವಸ್ತ್ರವನ್ನೇ ತೊಟ್ಟು ಅವರು ಮೈದಾನದಂಚಿನ ತಗ್ಗಿನ ಕಟ್ಟೆಯಲ್ಲಿ, ಅಂದರೆ ಡಗೌಟ್‌ನಲ್ಲಿ, ಕುಳಿತಿರುತ್ತಾರೆ. ಯಾರು ಆಡಬೇಕು, ಯಾವ ಕ್ರಮದಲ್ಲಿ ಬ್ಯಾಟ್ ಹಿಡಿಯಬೇಕು, ಪಿಚರ್ ಎಂದರೆ ಎಸೆತಗಾರನನ್ನು ಯಾವಾಗ ಬದಲಿಸಬೇಕು ಎಂಬುದನ್ನೆಲ್ಲ ಅವರೇ ನಿರ್ಧರಿಸುತ್ತಾರೆ. ಎಸೆತಗಾರ ದಣಿದನೆಂದು ತೋರಿದರೆ ಸಾವಿರಾರು ಜನ ನೋಡುತ್ತಿರುವಾಗ ಮೈದಾನದ ನಡುವಿಗೆ ನಡೆದು ಹೋಗಿ ಅವನ ಕೈಯಿಂದ ಚೆಂಡನ್ನು ಪಡೆಯುತ್ತಾರೆ. ಒಮ್ಮೆ ಹೊರಬಂದ ಆಟಗಾರ ಆ ಪಂದ್ಯಕ್ಕೆ ಮರಳುವಂತಿಲ್ಲ. ಆದ್ದರಿಂದ ಪ್ರತಿಯೊಂದು ಬದಲಾವಣೆಯೂ ಹಿಂತೆಗೆಯಲಾಗದ ತೀರ್ಮಾನ.

ಇಂಥ ತೀರ್ಮಾನಗಳು ಏಪ್ರಿಲ್‌ನಿಂದ ಸೆಪ್ಟೆಂಬರ್‌ವರೆಗೆ ಹೆಚ್ಚುಕಡಿಮೆ ದಿನವೂ ನಡೆಯುತ್ತವೆ. 1960ರ ದಶಕದ ಆರಂಭದವರೆಗೆ ಋತುವೊಂದಕ್ಕೆ 154 ಪಂದ್ಯಗಳಿದ್ದವು, ಆಮೇಲೆ 162 ಆದವು. ಸಂಜೆ ರೇಡಿಯೋ ಕೇಳಿ, ಬೆಳಿಗ್ಗೆ ಪತ್ರಿಕೆ ಓದಿ, ಕೆಲಸಕ್ಕೆ ಹೋಗುವ ದಾರಿಯಲ್ಲಿ ಜಗಳವಾಡಲು ಇದಕ್ಕಿಂತ ಅನುಕೂಲವಾದ ವಿಷಯ ಬೇರೆ ಇರಲಿಲ್ಲ. ನೂರು ಮೈಲಿ ವೇಗದ ಚೆಂಡನ್ನು ಹೊಡೆಯಬಲ್ಲೆ ಎಂದು ಯಾವ ಪ್ರೇಕ್ಷಕನೂ ಹೇಳಿಕೊಳ್ಳಲಾರ. ಆದರೆ ಎಸೆತಗಾರನನ್ನು ಬದಲಿಸಬೇಕಿತ್ತು ಎಂದು ಯಾರೂ ಹೇಳಬಹುದು. ಮ್ಯಾನೇಜರರ ಕೆಲಸ ಪ್ರತಿಯೊಬ್ಬನಿಗೂ ತನ್ನಿಂದ ಆಗಬಹುದಾದ ಕೆಲಸವಾಗಿ ಕಾಣುತ್ತದೆ. ವಾದ ಇಷ್ಟು ಬಿಸಿಯಾಗಿರುವುದಕ್ಕೆ ಇದೂ ಒಂದು ಕಾರಣ.

ಈ ಕಾಟದಿಂದ ಪೂರ್ತಿ ಪಾರಾದವರು ಬಹುಶಃ ಒಬ್ಬರೇ, ಫಿಲಡೆಲ್ಫಿಯ ಅಥ್ಲೆಟಿಕ್ಸ್ ತಂಡದ ಕಾನಿ ಮ್ಯಾಕ್. 1901ರಿಂದ 1950ರವರೆಗೆ, ಐವತ್ತು ಋತು, ಅವರು ಒಂದೇ ತಂಡದ ಮ್ಯಾನೇಜರ್ ಆಗಿದ್ದರು. ತಂಡ ಎಷ್ಟೋ ಬಾರಿ ಪಟ್ಟಿಯ ತಳಕ್ಕಿಳಿದರೂ ಅವರ ಕುರ್ಚಿ ಅಲುಗಲಿಲ್ಲ. ಗುಟ್ಟು ಸರಳವಾದದ್ದು. ಅವರು ತಂಡದ ಒಡೆತನದಲ್ಲೂ ಪಾಲುದಾರರಾಗಿದ್ದರು.

ಶೂಬಾ ಔಟಾದರು, ಬ್ರೂಕ್ಲಿನ್ ಗೆದ್ದಿತು

ಮತ್ತೆ ಆಲ್‌ಸ್ಟನ್ನರ ಕಡೆಗೆ ಬರೋಣ. ಅವರ ಮೊದಲ ವರ್ಷ, 1954ರಲ್ಲಿ, ತಂಡ ಎರಡನೆಯ ಸ್ಥಾನಕ್ಕಿಳಿಯಿತು. ಸತತ ಎರಡು ವರ್ಷ ಲೀಗ್ ಗೆದ್ದ ತಂಡವನ್ನು ಕೈಗೆತ್ತಿಕೊಂಡು ಕೆಳಗಿಳಿಸಿದ ಅಪರಿಚಿತ ಎಂಬುದೇ ಮೇಲ್ನೋಟದ ತೀರ್ಪು. ಆದರೂ ಇನ್ನೊಂದು ವರ್ಷದ ಕರಾರು ಸಿಕ್ಕಿತು. 1955ರಲ್ಲಿ ತಂಡ ಲೀಗ್ ಗೆದ್ದು ಮತ್ತೆ ಯಾಂಕೀಸ್ ಎದುರು ನಿಂತಿತು. ಅದುವರೆಗೆ ಬ್ರೂಕ್ಲಿನ್ ಏಳು ಬಾರಿ ವರ್ಲ್ಡ್ ಸೀರೀಸ್ ಆಡಿ ಏಳೂ ಬಾರಿ ಸೋತಿತ್ತು, ಅವುಗಳಲ್ಲಿ ಐದು ಸೋಲು ಯಾಂಕೀಸ್ ಎದುರಿನವು. ಈ ಬಾರಿ ಸರಣಿ 3-3ರಲ್ಲಿ ಸಮವಾಗಿ ಅಕ್ಟೋಬರ್ 4ರ ಏಳನೆಯ ಪಂದ್ಯಕ್ಕೆ ಬಂದಿತ್ತು.

ಆ ಪಂದ್ಯದ ಆರನೆಯ ಇನಿಂಗ್ಸನ್ನು ಸ್ವಲ್ಪ ನಿಧಾನವಾಗಿ ನೋಡಬೇಕು. ಬ್ರೂಕ್ಲಿನ್ 2-0ಯಿಂದ ಮುಂದಿತ್ತು, ಮೂರು ಬೇಸ್‌ಗಳಲ್ಲೂ ಅದರ ಆಟಗಾರರು ನಿಂತಿದ್ದರು. ಇನ್ನಷ್ಟು ರನ್ ಪಡೆಯುವ ಆಸೆಯಿಂದ ಆಲ್‌ಸ್ಟನ್ ಎರಡನೆಯ ಬೇಸ್ ಕಾಯುತ್ತಿದ್ದ ಡಾನ್ ಝಿಮ್ಮರ್ ಅವರನ್ನು ಹೊರಗಿಟ್ಟು ಜಾರ್ಜ್ ಶೂಬಾ ಅವರನ್ನು ಬದಲಿ ದಾಂಡಿಗರನ್ನಾಗಿ ಕಳಿಸಿದರು. ಶೂಬಾ ಔಟಾದರು, ಇನಿಂಗ್ಸ್ ಮುಗಿಯಿತು. ಯಾವ ಉದ್ದೇಶಕ್ಕೆ ಬದಲಾವಣೆ ಮಾಡಿದ್ದರೋ ಅದು ಈಡೇರಲಿಲ್ಲ. ಆದರೆ ಝಿಮ್ಮರ್ ಮರಳುವಂತಿರಲಿಲ್ಲವಾಗಿ ಎರಡನೆಯ ಬೇಸ್ ಖಾಲಿಯಾಯಿತು. ಎಡ ಮೈದಾನದಲ್ಲಿದ್ದ ಜಿಮ್ ಗಿಲಿಯಂ ಅವರನ್ನು ಅಲ್ಲಿಗೆ ಕರೆತಂದು, ಅವರ ಜಾಗಕ್ಕೆ ಕ್ಯೂಬಾದ ಸ್ಯಾಂಡಿ ಅಮೊರೋಸ್ ಅವರನ್ನು ಕಳಿಸಲಾಯಿತು.

ಮುಂದಿನ ಕೆಲವೇ ನಿಮಿಷಗಳಲ್ಲಿ ಯಾಂಕೀಸ್‌ನ ಇಬ್ಬರು ಬೇಸ್ ತಲುಪಿದ್ದಾಗ ಯೋಗಿ ಬೆರಾ ಎಡ ಮೈದಾನದ ಅಂಚಿನತ್ತ ಚೆಂಡನ್ನು ಎತ್ತಿ ಹೊಡೆದರು. ಅಮೊರೋಸ್ ದೂರದಿಂದ ಓಡಿಬಂದು ಗೆರೆಯ ಬಳಿ ಅದನ್ನು ಹಿಡಿದರು. ಅವರು ಎಡಗೈಯಿಂದ ಎಸೆಯುವವರು, ಅಂದರೆ ಕೈಗವಸು ಬಲಗೈಯಲ್ಲಿತ್ತು, ಚೆಂಡು ಬಂದದ್ದೂ ಆ ಬದಿಗೇ. ಬಲಗೈಯಿಂದ ಎಸೆಯುವ ಗಿಲಿಯಂ ಅಲ್ಲೇ ನಿಂತಿದ್ದರೆ ಆ ಕ್ಯಾಚ್ ಬಹಳ ಕಷ್ಟವಾಗುತ್ತಿತ್ತು. ಅಮೊರೋಸ್ ಎಸೆದ ಚೆಂಡು ಪೀ ವೀ ರೀಸ್ ಅವರ ಮೂಲಕ ಮೊದಲ ಬೇಸ್ ಸೇರಿ, ಮುಂದಕ್ಕೆ ಓಡಿದ್ದ ಮೆಕ್‌ಡೂಗಲ್ಡ್ ಕೂಡ ಔಟಾದರು. ಪಂದ್ಯ 2-0ಯಲ್ಲೇ ಮುಗಿಯಿತು. ಬ್ರೂಕ್ಲಿನ್ ಮೊದಲ ಬಾರಿಗೆ ವರ್ಲ್ಡ್ ಸೀರೀಸ್ ಗೆದ್ದಿತು.

ಈ ಗೆಲುವಿನಲ್ಲಿ ಮ್ಯಾನೇಜರರ ಪಾಲೆಷ್ಟು? ಅಮೊರೋಸ್ ಅವರನ್ನು ಸಮಯಕ್ಕೆ ಸರಿಯಾಗಿ ಕಳಿಸಿದ ದೂರದೃಷ್ಟಿ ಎಂದು ಹೊಗಳಬಹುದು. ವಿಫಲವಾದ ಇನ್ನೊಂದು ತೀರ್ಮಾನದ ಬಾಲ ಹಿಡಿದು ಬಂದ ಅದೃಷ್ಟ ಎಂದೂ ಹೇಳಬಹುದು. ಎರಡರಲ್ಲೂ ಸತ್ಯವಿದೆ. ಒಂದು ಮಾತು ಮಾತ್ರ ಖಚಿತ. ಶೂಬಾ ಔಟಾಗದೆ ಒಂದು ಹೊಡೆತ ಹೊಡೆದಿದ್ದರೂ, ಔಟಾಗಿದ್ದರೂ, ಆ ಕ್ಷಣದಲ್ಲಿ ಆಲ್‌ಸ್ಟನ್ ಮಾಡಿದ ಆಲೋಚನೆ ಒಂದೇ ಆಗಿತ್ತು. ಫಲ ಬದಲಾದರೆ ಆಲೋಚನೆಯ ಗುಣ ಬದಲಾಗುವುದಿಲ್ಲ. ಕರಾರಿನ ವಾದದಲ್ಲಿ ಜನ ಸುಲಭವಾಗಿ ಮರೆಯುವುದು ಇದನ್ನೇ.

ಕ್ಲೀವ್‌ಲ್ಯಾಂಡಿನ ಮತಪತ್ರ

ಹಾಗೆಂದು ಅಭಿಮಾನಿಗಳ ಮಾತೆಲ್ಲ ಬರಿಯ ಗದ್ದಲ ಎನ್ನುವಂತಿಲ್ಲ. ಇದಕ್ಕೆ ಕೆಲವು ವರ್ಷ ಹಿಂದಿನ ಕ್ಲೀವ್‌ಲ್ಯಾಂಡ್ ನಗರ ಸಾಕ್ಷಿ.

ಲೂ ಬೂಡ್ರೋ 24ನೆಯ ವಯಸ್ಸಿನಲ್ಲೇ ಆ ನಗರದ ಇಂಡಿಯನ್ಸ್ ತಂಡದ ಮ್ಯಾನೇಜರ್ ಆದವರು. ಆಗಲೂ ಆಟಗಾರರಾಗಿ ಮುಂದುವರಿದಿದ್ದ ಅವರು ಎರಡು ಹೊಣೆಯನ್ನೂ ಒಟ್ಟಿಗೆ ಹೊತ್ತಿದ್ದರು. 1946ರಲ್ಲಿ ತಂಡವನ್ನು ಕೊಂಡ ಬಿಲ್ ವೆಕ್ ಅವರಿಗೆ ಬೂಡ್ರೋ ಅವರ ಆಟದ ಬಗ್ಗೆ ಅನುಮಾನವಿರಲಿಲ್ಲ, ಮ್ಯಾನೇಜರ್‌ಗಿರಿಯ ಬಗ್ಗೆ ಮಾತ್ರ ಸಮಾಧಾನವಿರಲಿಲ್ಲ. 1947ರ ಋತು ಮುಗಿಯುತ್ತಲೇ ಅವರನ್ನು ಸೇಂಟ್ ಲೂಯಿ ಬ್ರೌನ್ಸ್ ತಂಡಕ್ಕೆ ಕೊಟ್ಟುಬಿಡುವ ಮಾತುಕತೆ ನಡೆಸಿದರು. ಸುದ್ದಿ ಹೊರಬಿತ್ತು. ನಗರ ಕೆರಳಿತು. ಅಲ್ಲಿನ ದೈನಿಕವೊಂದು ಮುಖಪುಟದಲ್ಲೇ ಮತಪತ್ರ ಅಚ್ಚು ಹಾಕಿತು. ಬಂದ ಮತಗಳಲ್ಲಿ ಬಹುಪಾಲು ಬೂಡ್ರೋ ಅವರ ಪರವಾಗಿದ್ದವು. ವೆಕ್ ತಾವೇ ಬೀದಿಗಿಳಿದು, ಮದ್ಯದಂಗಡಿಗಳನ್ನು ಹೊಕ್ಕು, ಸಿಟ್ಟಾದ ಜನರೊಡನೆ ಮಾತಾಡಿ, ನಿಮ್ಮ ಮಾತಿನಂತೆಯೇ ಆಗಲಿ ಎಂದರು. ಬೂಡ್ರೋ ಉಳಿದರು, ಹೊಸ ಕರಾರೂ ಆಯಿತು.

1948 ಬೂಡ್ರೋ ಅವರ ವರ್ಷವಾಯಿತು. ಬ್ಯಾಟಿಂಗ್ ಸರಾಸರಿ .355, ಅಮೆರಿಕನ್ ಲೀಗ್‌ನ ಅತ್ಯಂತ ಮೌಲ್ಯಯುತ ಆಟಗಾರ ಪ್ರಶಸ್ತಿ. ಋತುವಿನ ಕೊನೆಗೆ ಕ್ಲೀವ್‌ಲ್ಯಾಂಡ್ ಮತ್ತು ಬಾಸ್ಟನ್ ತಂಡಗಳು ಸಮಸಮನಾಗಿ ನಿಂತಾಗ, ಬಾಸ್ಟನ್ನಿನಲ್ಲಿ ನಡೆದ ನಿರ್ಣಾಯಕ ಪಂದ್ಯದಲ್ಲಿ ಅವರೇ ಎರಡು ಹೋಮ್ ರನ್ ಹೊಡೆದು 8-3ರಿಂದ ಗೆಲ್ಲಿಸಿದರು. ಬಳಿಕ ವರ್ಲ್ಡ್ ಸೀರೀಸ್ ಕೂಡ ಅವರದಾಯಿತು. ಆ ನಗರ ಅಂದಿನಿಂದ ಇಂದಿನವರೆಗೆ ಇನ್ನೊಮ್ಮೆ ಅದನ್ನು ಗೆದ್ದಿಲ್ಲ.

ಜನ ಸರಿ, ಮಾಲೀಕರು ತಪ್ಪು ಎಂದು ಕಥೆಯನ್ನು ಇಲ್ಲಿಗೇ ಮುಗಿಸುವುದು ಸುಲಭ. ಆದರೆ ವೆಕ್ ಕೇಳಿದ್ದ ಪ್ರಶ್ನೆಗೆ ಉತ್ತರ ದೊರೆಯಲಿಲ್ಲ. 1948ರಲ್ಲಿ ಗೆದ್ದದ್ದು ಮ್ಯಾನೇಜರ್ ಬೂಡ್ರೋ ಅವರೋ, ಆಟಗಾರ ಬೂಡ್ರೋ ಅವರೋ? ಬಿಡಿಸಿ ಹೇಳುವುದು ಅಸಾಧ್ಯ. ವೆಕ್ ತಂಡವನ್ನು ಮಾರಿ ಹೋದ ಮೇಲೆ, 1950ರ ಋತುವಿನ ಕೊನೆಗೆ, ಆಟದ ಕಸುವು ಇಳಿದಿದ್ದ ಬೂಡ್ರೋ ಅವರನ್ನು ಹೊಸ ಮಾಲೀಕರು ಎರಡೂ ಕೆಲಸಗಳಿಂದ ಬಿಡುಗಡೆ ಮಾಡಿದರು. ಹೀಗಿದ್ದೂ ಕ್ಲೀವ್‌ಲ್ಯಾಂಡ್ ಜನರ ತೀರ್ಪಿಗೆ ಒಂದು ಗೌರವವಿದೆ. ಗೆದ್ದೆತ್ತಿನ ಬಾಲ ಹಿಡಿದು ಅವರು ಮಾತಾಡಲಿಲ್ಲ. 1947ರಲ್ಲಿ ತಂಡ ನಾಲ್ಕನೆಯ ಸ್ಥಾನದಲ್ಲಿತ್ತು. ಗೆಲುವು ಬರುವ ಮೊದಲೇ ಅವರು ತಮ್ಮ ಮಾತನ್ನು ಪಣಕ್ಕಿಟ್ಟಿದ್ದರು.

ಜನಾಭಿಪ್ರಾಯದ ರುಚಿ ಕಂಡ ವೆಕ್, ಮುಂದೆ ಸೇಂಟ್ ಲೂಯಿ ಬ್ರೌನ್ಸ್ ತಂಡವನ್ನೇ ಕೊಂಡಾಗ ಇನ್ನೊಂದು ಹೆಜ್ಜೆ ಮುಂದೆ ಹೋದರು. 1951ರ ಆಗಸ್ಟ್ 24ರಂದು ಮ್ಯಾನೇಜರ್ ಝ್ಯಾಕ್ ಟೇಲರ್ ಅವರನ್ನು ತೂಗುಕುರ್ಚಿಯಲ್ಲಿ ಕೂರಿಸಿ, ತೀರ್ಮಾನಗಳನ್ನು ಪ್ರೇಕ್ಷಕರಿಗೇ ಬಿಟ್ಟರು. ಒಂದು ಬದಿಯಲ್ಲಿ ಹೌದು, ಇನ್ನೊಂದು ಬದಿಯಲ್ಲಿ ಇಲ್ಲ ಎಂದು ಬರೆದ ಫಲಕಗಳನ್ನು ಹಂಚಲಾಗಿತ್ತು. ಪ್ರಶ್ನೆ ಕೇಳಿದಾಗ ಜನ ಫಲಕ ಎತ್ತುವರು, ಎಣಿಕೆಯಾಗುವುದು, ಅದರಂತೆ ತಂಡ ಆಡುವುದು. ಐವತ್ತು ವರ್ಷ ಮ್ಯಾನೇಜರ್ ಆಗಿದ್ದ ಕಾನಿ ಮ್ಯಾಕ್ ಕೂಡ ಅಂದು ಪ್ರೇಕ್ಷಕರ ನಡುವೆ ಕುಳಿತಿದ್ದರು. ಮ್ಯಾಕ್ ಅವರ ಹಳೆಯ ತಂಡವಾದ ಅಥ್ಲೆಟಿಕ್ಸ್ ಎದುರು ಬ್ರೌನ್ಸ್ 5-3ರಿಂದ ಗೆದ್ದಿತು. ಆ ವರ್ಷ ಬ್ರೌನ್ಸ್ ಒಟ್ಟು 102 ಪಂದ್ಯ ಸೋತು ಕೊನೆಯ ಸ್ಥಾನದಲ್ಲಿ ನಿಂತಿತು. ಋತು ಮುಗಿದ ಮೇಲೆ ಕೆಲಸ ಕಳೆದುಕೊಂಡವರು ಪ್ರೇಕ್ಷಕರಲ್ಲ, ಟೇಲರ್. ತಮಾಷೆಯ ಆ ಪಂದ್ಯದಲ್ಲಿ ಒಂದು ಗಂಭೀರ ಸತ್ಯ ಅಡಗಿದೆ. ಒಂದು ಸಂಜೆ ಸರಿಯಾಗಿ ನಿರ್ಧರಿಸುವುದು ಗುಂಪಿಗೂ ಸಾಧ್ಯ. ಮರುದಿನ ಅದಕ್ಕೆ ಉತ್ತರ ಹೇಳಬೇಕಾದವರು ಮಾತ್ರ ಒಬ್ಬರೇ.

ಗೆದ್ದವರು ಹೊರಟರು

ಅಭಿಮಾನಿಗಳು ಫಲವನ್ನಷ್ಟೇ ನೋಡುತ್ತಾರೆಂದು ದೂರುವ ಮಾಲೀಕರು ತಾವೇನು ನೋಡುತ್ತಿದ್ದರು? ನ್ಯೂಯಾರ್ಕ್ ಯಾಂಕೀಸ್‌ನ ಕೇಸಿ ಸ್ಟೆಂಗಲ್ ಹನ್ನೆರಡು ವರ್ಷಗಳಲ್ಲಿ ಹತ್ತು ಬಾರಿ ಲೀಗ್, ಏಳು ಬಾರಿ ವರ್ಲ್ಡ್ ಸೀರೀಸ್ ಗೆದ್ದವರು. 1960ರ ಸರಣಿಯಲ್ಲಿ ಯಾಂಕೀಸ್ ಏಳು ಪಂದ್ಯಗಳಿಂದ 55 ರನ್ ಗಳಿಸಿದರೆ ಎದುರಾಳಿ ಪಿಟ್ಸ್‌ಬರ್ಗ್ ಗಳಿಸಿದ್ದು 27. ಆದರೂ ಅಕ್ಟೋಬರ್ 13ರ ಕೊನೆಯ ಪಂದ್ಯದ ಕೊನೆಯ ಇನಿಂಗ್ಸ್‌ನಲ್ಲಿ ಬಿಲ್ ಮ್ಯಾಝರಾಸ್ಕಿ ಹೊಡೆದ ಹೋಮ್ ರನ್‌ನಿಂದ ಪಿಟ್ಸ್‌ಬರ್ಗ್ 10-9ರಿಂದ ಗೆದ್ದಿತು. ಐದು ದಿನ ಕಳೆಯುವಷ್ಟರಲ್ಲಿ ಸ್ಟೆಂಗಲ್ ಹೊರಗಿದ್ದರು. ಎಪ್ಪತ್ತರ ವಯಸ್ಸನ್ನು ಕಾರಣವಾಗಿ ಮುಂದಿಡಲಾಯಿತು. ಅವರ ವಿರುದ್ಧ ನ್ಯಾಯವಾದ ಟೀಕೆಯೂ ಒಂದಿತ್ತು. ಮೂರನೆಯ ಮತ್ತು ಆರನೆಯ ಪಂದ್ಯಗಳಲ್ಲಿ ಎದುರಾಳಿಗೆ ಒಂದೂ ರನ್ ಕೊಡದ ಎಸೆತಗಾರ ವೈಟಿ ಫೋರ್ಡ್ ಅವರನ್ನು ಮೊದಲ ಪಂದ್ಯದಲ್ಲೇ ಇಳಿಸಿದ್ದರೆ ಅವರು ಮೂರು ಬಾರಿ ಆಡಬಹುದಿತ್ತು.

ನಾಲ್ಕು ವರ್ಷ ಕಳೆದ ಮೇಲಿನ ಪ್ರಸಂಗ ಇದಕ್ಕಿಂತ ವಿಚಿತ್ರ. 1964ರ ಆಗಸ್ಟ್‌ನಲ್ಲಿ ಸೇಂಟ್ ಲೂಯಿ ಕಾರ್ಡಿನಲ್ಸ್ ಬಹಳ ಹಿಂದೆ ಬಿದ್ದಿತ್ತು. ಮಾಲೀಕ ಗಸ್ಸಿ ಬುಷ್ ಆಡಳಿತದ ಮುಖ್ಯಸ್ಥ ಬಿಂಗ್ ಡಿವೈನ್ ಅವರನ್ನು ತೆಗೆದುಹಾಕಿ, ಮ್ಯಾನೇಜರ್ ಜಾನಿ ಕೀನ್ ಅವರ ಜಾಗಕ್ಕಾಗಿ ಲಿಯೋ ಡುರೋಷರ್ ಅವರೊಡನೆ ಮಾತುಕತೆಯನ್ನೂ ನಡೆಸಿದರು. ಅಷ್ಟರಲ್ಲಿ, ಹನ್ನೆರಡು ಪಂದ್ಯ ಉಳಿದಿರುವಾಗ ಆರೂವರೆ ಪಂದ್ಯಗಳ ಅಂತರದಿಂದ ಮುಂದಿದ್ದ ಫಿಲಡೆಲ್ಫಿಯ ಸತತ ಹತ್ತು ಪಂದ್ಯ ಸೋತಿತು. ಕಾರ್ಡಿನಲ್ಸ್ ಲೀಗ್ ಗೆದ್ದು ಯಾಂಕೀಸ್ ಎದುರು ವರ್ಲ್ಡ್ ಸೀರೀಸ್ ಆಡಿತು.

ಏಳನೆಯ ಪಂದ್ಯಕ್ಕೆ ಕೀನ್ ಎರಡೇ ದಿನ ವಿಶ್ರಾಂತಿ ಪಡೆದಿದ್ದ ಬಾಬ್ ಗಿಬ್ಸನ್ ಅವರನ್ನು ಎಸೆಯಲು ಇಳಿಸಿದರು. ಹಿಂದಿನ ಪಂದ್ಯದಲ್ಲಿ ಗಿಬ್ಸನ್ ಹತ್ತು ಇನಿಂಗ್ಸ್ ಎಸೆದಿದ್ದರು. ಕೊನೆಯ ಇನಿಂಗ್ಸ್‌ಗೆ ಬರುವಾಗ ಅವರು ದಣಿದಿದ್ದರು, ತಂಡ 7-3ರಿಂದ ಮುಂದಿತ್ತು. ಒಂದು ಹೋಮ್ ರನ್ ಹೋಯಿತು, ಇನ್ನೊಂದು ಹೋಯಿತು, 7-5 ಆಯಿತು. ಕೀನ್ ಅವರನ್ನು ಬದಲಿಸಲಿಲ್ಲ. ಗಿಬ್ಸನ್ ಪಂದ್ಯ ಮುಗಿಸಿದರು, ಸೇಂಟ್ ಲೂಯಿ ಗೆದ್ದಿತು. ದಣಿದವನನ್ನು ನಂಬಿದ ಮ್ಯಾನೇಜರರ ಎದೆಗಾರಿಕೆ ಎಂದು ಅದು ಆಟದ ನೆನಪಿನಲ್ಲಿ ಉಳಿಯಿತು.

ಮರುದಿನ ಬುಷ್ ಪತ್ರಕರ್ತರನ್ನು ಕರೆದು ಕೀನ್ ಅವರ ಕರಾರನ್ನು ಮುಂದುವರಿಸಲು ಸಜ್ಜಾಗಿದ್ದರು. ಕೀನ್ ಅವರ ಕೈಗೆ ರಾಜೀನಾಮೆ ಪತ್ರ ಕೊಟ್ಟರು. ಋತು ಮುಗಿಯುವ ಮೊದಲೇ, ಸೆಪ್ಟೆಂಬರ್ 28ರಂದೇ ಬರೆದಿಟ್ಟ ಪತ್ರ ಅದು. ಅದೇ ದಿನ, ಸೋತ ಯಾಂಕೀಸ್ ತಂಡದವರು 99 ಪಂದ್ಯ ಗೆದ್ದು ಲೀಗ್ ತಂದುಕೊಟ್ಟಿದ್ದ ತಮ್ಮ ಮ್ಯಾನೇಜರ್ ಯೋಗಿ ಬೆರಾ ಅವರನ್ನು ಹೊರಹಾಕಿದರು. ಕೆಲವೇ ದಿನಗಳಲ್ಲಿ ಅವರ ಜಾಗಕ್ಕೆ ಕೀನ್ ಅವರನ್ನೇ ತಂದರು. ಮರುವರ್ಷ ಯಾಂಕೀಸ್ ಆರನೆಯ ಸ್ಥಾನಕ್ಕೆ ಕುಸಿಯಿತು. 1966ರ ಮೇ ತಿಂಗಳಲ್ಲಿ ಕೀನ್ ಅವರನ್ನೂ ತೆಗೆಯಲಾಯಿತು. ಎಂಟು ತಿಂಗಳ ಬಳಿಕ ಅವರು ತೀರಿಕೊಂಡರು.

ಕರಾರು ವಿಸ್ತರಣೆಯ ಚರಿತ್ರೆಯಲ್ಲಿ ಕೀನ್ ಅವರ ರಾಜೀನಾಮೆಗೆ ವಿಶೇಷ ಸ್ಥಾನವಿದೆ. ಸಾಮಾನ್ಯವಾಗಿ ನಾವು ಕೇಳುವುದು ಮ್ಯಾನೇಜರ್ ಕರಾರಿಗೆ ಅರ್ಹರೇ ಎಂದು. ಕರಾರು ಕೊಡುವವರು ಮ್ಯಾನೇಜರರ ನಂಬಿಕೆಗೆ ಅರ್ಹರೇ ಎಂದು ಕೀನ್ ಕೇಳಿದರು. ಆಗಸ್ಟ್‌ನಲ್ಲಿ ಇಲ್ಲದ ವಿಶ್ವಾಸ ಅಕ್ಟೋಬರ್‌ನಲ್ಲಿ ಮೂಡಿದ್ದರೆ ಅದು ತಮ್ಮ ಮೇಲಿನ ವಿಶ್ವಾಸವಲ್ಲ, ಫಲದ ಮೇಲಿನದು ಎಂಬುದು ಅವರಿಗೆ ತಿಳಿದಿತ್ತು.

ಅದೇ ತೀರ್ಮಾನ, ಬೇರೆ ಫಲ

2003ರ ಅಕ್ಟೋಬರ್ 16ರಂದು ಬಾಸ್ಟನ್ ರೆಡ್ ಸಾಕ್ಸ್‌ನ ಮ್ಯಾನೇಜರ್ ಗ್ರೇಡಿ ಲಿಟಲ್ ಅವರ ಎದುರು ಬಂದು ನಿಂತದ್ದು ಕೀನ್ ಅವರಿಗೆ ಬಂದಂಥದೇ ಪ್ರಶ್ನೆ. ಯಾಂಕೀಸ್ ಎದುರಿನ ಲೀಗ್ ಫೈನಲ್‌ನ ಏಳನೆಯ ಪಂದ್ಯ. ಎಂಟನೆಯ ಇನಿಂಗ್ಸ್. ಬಾಸ್ಟನ್ 5-2ರಿಂದ ಮುಂದಿತ್ತು. ಶ್ರೇಷ್ಠ ಎಸೆತಗಾರ ಪೆಡ್ರೊ ಮಾರ್ಟಿನೆಜ್ ನೂರು ಎಸೆತ ದಾಟಿ ದಣಿದಿದ್ದರು. ಒಂದು ರನ್ ಹೋದ ಮೇಲೆ ಲಿಟಲ್ ಮೈದಾನದ ನಡುವಿಗೆ ಹೋಗಿ ಮಾತಾಡಿದರು, ಚೆಂಡನ್ನು ಅವರ ಕೈಯಲ್ಲೇ ಬಿಟ್ಟು ಮರಳಿದರು. ಮತ್ತೆ ಎರಡು ಹೊಡೆತ, 5-5. ಹನ್ನೊಂದನೆಯ ಇನಿಂಗ್ಸ್‌ನಲ್ಲಿ ಏರನ್ ಬೂನ್ ಹೊಡೆದ ಹೋಮ್ ರನ್‌ನಿಂದ ಯಾಂಕೀಸ್ ಗೆದ್ದಿತು. ಎರಡು ವರ್ಷಗಳಲ್ಲಿ 188 ಪಂದ್ಯ ಗೆಲ್ಲಿಸಿದ್ದ ಲಿಟಲ್ ಅವರ ಕರಾರನ್ನು ಮುಂದುವರಿಸುವುದಿಲ್ಲವೆಂದು ಹನ್ನೊಂದು ದಿನಗಳ ನಂತರ ತಂಡ ಪ್ರಕಟಿಸಿತು.

ಕೀನ್ ದಣಿದ ಎಸೆತಗಾರನನ್ನು ನಂಬಿ ವೀರರಾದರು, ಲಿಟಲ್ ಅದನ್ನೇ ಮಾಡಿ ಕೆಲಸ ಕಳೆದುಕೊಂಡರು ಎಂದು ಹೇಳುವುದು ಆಕರ್ಷಕ. ಆದರೆ ಅದು ಪೂರ್ತಿ ನ್ಯಾಯವಲ್ಲ. ಮಾರ್ಟಿನೆಜ್ ನೂರು ಎಸೆತಗಳ ಆಚೆ ಬಲ ಕಳೆದುಕೊಳ್ಳುತ್ತಾರೆಂಬುದಕ್ಕೆ 2003ರ ಹೊತ್ತಿಗೆ ಅಂಕಿಅಂಶಗಳಿದ್ದವು. ಬೇಸ್‌ಬಾಲ್ ಲೆಕ್ಕಶಾಸ್ತ್ರದ ಹಿರಿಯ ಬಿಲ್ ಜೇಮ್ಸ್ ಅದೇ ತಂಡದ ಸಲಹೆಗಾರರಾಗಿದ್ದರು. ಇದಕ್ಕಿಂತ ಮುಖ್ಯವಾಗಿ, ಆ ರಾತ್ರಿ ಟಿವಿಯ ಮುಂದೆ ಕುಳಿತಿದ್ದ ಅನೇಕ ಬಾಸ್ಟನ್ ಅಭಿಮಾನಿಗಳು ಎಸೆತಗಾರನನ್ನು ಬದಲಿಸಿ ಎಂದು ಕೂಗಿದ್ದು ಸೋತ ಮೇಲಲ್ಲ, ಇನ್ನೂ ಮುಂದಿರುವಾಗಲೇ.

ಇಲ್ಲಿ ನಮಗೊಂದು ಒರೆಗಲ್ಲು ಸಿಗುತ್ತದೆ. ಕೋಟೆ ಸೂರೆಹೋದ ಮೇಲೆ ದಿಡ್ಡಿ ಬಾಗಿಲು ಹಾಕುವ ವಿಮರ್ಶೆಗೆ ಬೆಲೆಯಿಲ್ಲ. ಫಲ ತಿಳಿಯುವ ಮೊದಲೇ ಆಡಿದ ಮಾತಿಗೆ, ಅದು ಹೊಗಳಿಕೆಯಾಗಲಿ ತೆಗಳಿಕೆಯಾಗಲಿ, ಬೆಲೆಯಿದೆ. ಕ್ಲೀವ್‌ಲ್ಯಾಂಡಿನ ಮತಪತ್ರವೂ ಬಾಸ್ಟನ್ನಿನ ಕೂಗೂ ಈ ಪರೀಕ್ಷೆಯಲ್ಲಿ ಉತ್ತೀರ್ಣವಾಗುತ್ತವೆ. 1964ರ ಅಕ್ಟೋಬರ್‌ನಲ್ಲಿ ಬುಷ್ ಕೊಡಹೊರಟ ಕರಾರು ಅನುತ್ತೀರ್ಣವಾಗುತ್ತದೆ.

ಇದೇ ಒರೆಗಲ್ಲಿಗೆ ಓಮ್ಯಾಲಿಯವರನ್ನೂ ಉಜ್ಜಿ ನೋಡಬಹುದು. ತಂಡ ಲಾಸ್ ಏಂಜಲೀಸ್‌ಗೆ ಸ್ಥಳಾಂತರಗೊಂಡ ಬಳಿಕ, 1962ರಲ್ಲಿ, ಲೀಗ್‌ನ ನಿರ್ಣಾಯಕ ಪಂದ್ಯದ ಕೊನೆಯ ಇನಿಂಗ್ಸ್‌ನಲ್ಲಿ ಡಾಡ್ಜರ್ಸ್ 4-2ರಿಂದ ಮುಂದಿದ್ದು 6-4ರಿಂದ ಸೋತಿತು. ಅತ್ಯುತ್ತಮ ಎಸೆತಗಾರರಲ್ಲೊಬ್ಬರಾದ ಡಾನ್ ಡ್ರೈಸ್‌ಡೇಲ್ ಅವರನ್ನು ಏಕೆ ಇಳಿಸಲಿಲ್ಲವೆಂದು ಆಲ್‌ಸ್ಟನ್ ಮೇಲೆ ಜನ ಮುಗಿಬಿದ್ದರು. ಅವರ ಪಕ್ಕದಲ್ಲೇ ಕೋಚ್ ಆಗಿ ಕುಳಿತಿದ್ದವರು ಅದೇ ಡುರೋಷರ್. ಹಿಂದೆ ಬ್ರೂಕ್ಲಿನ್‌ಗೆ ಲೀಗ್ ಗೆದ್ದುಕೊಟ್ಟವರು, 1951ರಲ್ಲಿ ಎದುರಾಳಿ ಜೈಂಟ್ಸ್‌ನ ಮ್ಯಾನೇಜರ್ ಆಗಿ ಡ್ರೆಸನ್ನರ ಕೈಯಿಂದ ಲೀಗ್ ಕಸಿದುಕೊಂಡವರು, ಮಾತಿನಲ್ಲಿ ಆಲ್‌ಸ್ಟನ್ನರಿಗೆ ತದ್ವಿರುದ್ಧ. ಬದಲಿ ಆಯ್ಕೆ ಕೈಯಳತೆಯಲ್ಲೇ ಇತ್ತು. ಕರಾರು ಆ ವರ್ಷಕ್ಕೇ ಮುಗಿಯುತ್ತಿದ್ದುದರಿಂದ ತೆಗೆದುಹಾಕಲು ಯಾವ ಖರ್ಚೂ ಇರಲಿಲ್ಲ. ಆದರೂ ಆಲ್‌ಸ್ಟನ್ನರಿಗೆ ಹತ್ತನೆಯ ಕರಾರು ದೊರೆಯಿತು. 1963ರಲ್ಲಿ ಡಾಡ್ಜರ್ಸ್ ಯಾಂಕೀಸ್ ತಂಡವನ್ನು ವರ್ಲ್ಡ್ ಸೀರೀಸ್‌ನಲ್ಲಿ 4-0ಯಿಂದ ಸೋಲಿಸಿತು, 1965ರಲ್ಲಿ ಮತ್ತೆ ವರ್ಲ್ಡ್ ಸೀರೀಸ್ ಗೆದ್ದಿತು.

ಉದ್ದದ ಕರಾರು ಎಂದರೆ ಹೆಚ್ಚಿನ ನಂಬಿಕೆ ಎಂಬ ಸಾಮಾನ್ಯ ಎಣಿಕೆ ಇಲ್ಲಿ ತಲೆಕೆಳಗಾಗುತ್ತದೆ. ಓಮ್ಯಾಲಿ ಉದಾರಿಯಾಗಿರಲಿಲ್ಲ. ಒಂದು ವರ್ಷದ ಕರಾರು ಮಾಲೀಕರ ಕೈಯಲ್ಲಿ ಲಗಾಮು ಉಳಿಸುವ ಉಪಾಯ. ಆ ಕಾಲದಲ್ಲಿ ಆಟಗಾರರ ಕರಾರುಗಳೂ ಬಹುಮಟ್ಟಿಗೆ ವರ್ಷದವೇ. ಮೇಲಾಗಿ ತಂಡವೇ ಏಕಪಕ್ಷೀಯವಾಗಿ ಅವನ್ನು ನವೀಕರಿಸಿ ಆಟಗಾರನನ್ನು ಹಿಡಿದಿಟ್ಟುಕೊಳ್ಳುವ ನಿಯಮವೂ ಇತ್ತು. ಆ ನಿಯಮದ ಬಿಗಿ ಸಡಿಲಿದ್ದು 1975ರ ಡಿಸೆಂಬರ್‌ನಲ್ಲಿ, ಮಧ್ಯಸ್ಥಗಾರ ಪೀಟರ್ ಸೈಟ್ಸ್ ಅವರ ತೀರ್ಪಿನಿಂದ. ಕಾಕತಾಳೀಯವೆಂಬಂತೆ ಆ ವ್ಯಾಜ್ಯದ ಇಬ್ಬರು ಆಟಗಾರರಲ್ಲಿ ಒಬ್ಬರಾದ ಆ್ಯಂಡಿ ಮೆಸರ್‌ಸ್ಮಿತ್ ಆಲ್‌ಸ್ಟನ್ನರ ತಂಡದವರೇ. ಮುಂದಿನ ಋತುವೇ ಆಲ್‌ಸ್ಟನ್ನರ ಕೊನೆಯದು. ಬಹುವರ್ಷದ ಕರಾರುಗಳ ಯುಗ ಬಾಗಿಲು ತಟ್ಟುತ್ತಿದ್ದಾಗ ಒಂದೊಂದೇ ವರ್ಷ ಎಣಿಸಿದ ಮನುಷ್ಯ ಹೊರಟರು. 2,040 ಗೆಲುವು, ಏಳು ಲೀಗ್, ನಾಲ್ಕು ವರ್ಲ್ಡ್ ಸೀರೀಸ್ ಅವರ ಲೆಕ್ಕದಲ್ಲಿದ್ದವು.

ಕರಾರಿಲ್ಲದವರು

ಈ ಚರಿತ್ರೆಯಲ್ಲಿ ಯಾವ ಕರಾರೂ ಇಲ್ಲದ ಒಂದು ಪಕ್ಷವಿದೆ. 1955ರಲ್ಲಿ ಬ್ರೂಕ್ಲಿನ್ನಿನ ಬೀದಿಗಳಲ್ಲಿ ಕುಣಿದ ಜನ ಅವರು. ಡ್ರೆಸನ್ ಬೇಕೋ ಆಲ್‌ಸ್ಟನ್ ಬೇಕೋ ಎಂದು ವಾದಿಸುತ್ತಿದ್ದ ಅವರಿಗೆ, ತಂಡವೇ ತಮ್ಮ ಬಳಿ ಉಳಿಯುವುದೋ ಇಲ್ಲವೋ ಎಂಬ ಪ್ರಶ್ನೆ ಎರಡೇ ವರ್ಷಗಳಲ್ಲಿ ಎದುರಾಯಿತು. ಹೊಸ ಕ್ರೀಡಾಂಗಣದ ಜಾಗದ ಬಗ್ಗೆ ಓಮ್ಯಾಲಿಯವರಿಗೂ ನಗರದ ಅಧಿಕಾರಿಗಳಿಗೂ ಹೊಂದಾಣಿಕೆಯಾಗಲಿಲ್ಲ. 1957ರ ಸೆಪ್ಟೆಂಬರ್ 24ರಂದು ಎಬೆಟ್ಸ್ ಫೀಲ್ಡ್ ಕ್ರೀಡಾಂಗಣದಲ್ಲಿ ಡಾಡ್ಜರ್ಸ್ ಆಡಿದ ಕೊನೆಯ ಪಂದ್ಯಕ್ಕೆ ಬಂದವರು 6,702 ಜನ. ಮರುವರ್ಷ ತಂಡ ಖಂಡದ ಇನ್ನೊಂದು ತುದಿಯಲ್ಲಿತ್ತು. 1960ರಲ್ಲಿ ಕ್ರೀಡಾಂಗಣವನ್ನೇ ಕೆಡವಲಾಯಿತು. ಮ್ಯಾನೇಜರರ ಕರಾರು ವರ್ಷಕ್ಕೊಮ್ಮೆಯಾದರೂ ನವೀಕರಣಗೊಳ್ಳುತ್ತಿತ್ತು. ಆ ಊರಿಗೂ ತಂಡಕ್ಕೂ ಇದ್ದ ಸಂಬಂಧ ಯಾವ ಕಾಗದದಲ್ಲೂ ಬರೆದಿರಲಿಲ್ಲ.

ಅಭಿಮಾನಿಗಳ ವಾದವನ್ನು ಈ ಬೆಳಕಿನಲ್ಲಿ ನೋಡಿದರೆ ಅದರ ಕಾವು ಅರ್ಥವಾಗುತ್ತದೆ. ತಂಡ ಒಬ್ಬ ಮಾಲೀಕರ ಆಸ್ತಿ ಎಂಬುದು ಕಾನೂನಿನ ಮಾತು. ನಮ್ಮ ತಂಡ ಎನ್ನುವುದು ಜನರ ಮಾತು. ಮ್ಯಾನೇಜರರನ್ನು ಉಳಿಸಬೇಕೋ ಬೇಡವೋ ಎಂದು ಕೂಗಾಡುವಾಗ ಅವರು ಆ ಎರಡನೆಯ ಮಾತನ್ನು ಸತ್ಯವಾಗಿಡಲು ಹೆಣಗುತ್ತಿರುತ್ತಾರೆ. ಅವರ ಕೈಯಲ್ಲಿರುವ ಪಾಲು ಅಭಿಪ್ರಾಯವೊಂದೇ. ಅದಕ್ಕೆ ತೂಕ ಬರಬೇಕಾದರೆ ಫಲ ಗೊತ್ತಾಗುವ ಮೊದಲೇ ಅದನ್ನು ಹೇಳಬೇಕು, ಹೇಳಿದ ಮೇಲೆ ಸೋಲಿನಲ್ಲೂ ಅದಕ್ಕೆ ಅಂಟಿಕೊಳ್ಳಬೇಕು. 1947ರ ಚಳಿಗಾಲಕ್ಕೆ ಮುನ್ನ ಕ್ಲೀವ್‌ಲ್ಯಾಂಡಿನ ಜನ ಹಾಗೆ ಮಾಡಿದರು, ಒಬ್ಬ ಮಾಲೀಕರು ಬೀದಿಗಿಳಿದು ಅದನ್ನು ಕೇಳಿದರು. ಬ್ರೂಕ್ಲಿನ್ನಿನ ಜನರ ಮಾತನ್ನು ಕೇಳಿಸಿಕೊಳ್ಳಲು ಹತ್ತು ವರ್ಷಗಳ ನಂತರ ಯಾರೂ ಬೀದಿಗಿಳಿಯಲಿಲ್ಲ.